ಸಾಮ್ರಾಟ ಅಶೋಕ ಮತ್ತು ನೆರೆಯ ಸಣ್ಣ ರಾಜ್ಯಗಳು



ಬಾಬಾಸಾಹೇಬರು ಧಮ್ಮದೀಕ್ಷೆ ಪಡೆದ 1956ರ ಅಕ್ಟೋಬರ್ 14ನ್ನು ನಾವು ಅಶೋಕ ವಿಜಯದಶಮಿ ಎನ್ನುತ್ತೇವೆ. ಆ ಅಶೋಕ ಸುತ್ತಲಿನ ಸಣ್ಣ ರಾಜ್ಯಗಳೊಂದಿಗೆ ಹೇಗೆ ನಡೆದುಕೊಂಡ ಎಂಬುದನ್ನು ಇಂದು ನೋಡೋಣ.

ಚಂದ್ರಗುಪ್ತ ಮೌರ್ಯನ ಮೊಮ್ಮಗ, ಬಿಂದುಸಾರನ ಮಗ. ಅವನ ಆಳ್ವಿಕೆ ವಾಯವ್ಯದ ಬೆಟ್ಟಗಳಿಂದ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯವರೆಗೂ ಇತ್ತು. ಪಟ್ಟಾಭಿಷೇಕವಾಗಿ ಎಂಟು ವರ್ಷಗಳಿಗೆ, ಕ್ರಿ.ಪೂ. ಸುಮಾರು 261ರಲ್ಲಿ, ಪೂರ್ವ ಕರಾವಳಿಯ ಕಳಿಂಗದ ಮೇಲೆ ದಂಡೆತ್ತಿ ಹೋದ. 1 ಲಕ್ಷ ಜನ ಸತ್ತರು, 1.5 ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಲಾಯಿತು. ಈ ಲೆಕ್ಕವನ್ನು ಶತ್ರುಗಳು ಬರೆದದ್ದಲ್ಲ, ಗೆದ್ದ ಅಶೋಕನೇ ಸಂಕಟದಿಂದ ಬಂಡೆಯ ಮೇಲೆ ಕೊರೆಸಿದ್ದು.

ಈ ಪಾಠ ಮಾಡುವಾಗ ಮಕ್ಕಳು ಕೇಳುವುದುಂಟು, ಅಷ್ಟು ನೊಂದವನು ಕಳಿಂಗವನ್ನು ವಾಪಸ್ ಕೊಟ್ಟನೇ ಎಂದು. ಕೊಡಲಿಲ್ಲ. ಯುದ್ಧದ ಪಶ್ಚಾತ್ತಾಪ ಹೇಳುವ ಶಾಸನವನ್ನು ಕಳಿಂಗದ ಧೌಲಿ, ಜೌಗಡಗಳಲ್ಲಿ ಹಾಕಿಸಲೂ ಇಲ್ಲ. ಅದೇ ಶಾಸನದಲ್ಲಿ ಕಾಡಿನ ಜನರಿಗೆ, ನೊಂದಿದ್ದರೂ ತನ್ನ ಬಲ ಕುಂದಿಲ್ಲವೆಂಬ ಎಚ್ಚರಿಕೆಯೂ ಇದೆ. ಇದನ್ನೆಲ್ಲ ಮುಚ್ಚಿಟ್ಟು ಅವನನ್ನು ಹೊಗಳಬೇಕಾಗಿಲ್ಲ.

ಆದರೆ ದಂಡು ಅಲ್ಲಿಗೇ ನಿಂತಿತು. ದಕ್ಷಿಣಕ್ಕೆ ಚೋಳರು, ಪಾಂಡ್ಯರು, ಸತಿಯಪುತ್ರರು, ಕೇರಳಪುತ್ರರು, ಕಡಲಾಚೆ ಸಿಂಹಳ. ಬಲವಿದ್ದೂ ಇವರ ಮೇಲೆ ಹೋಗಲಿಲ್ಲ. ಅವರ ನಾಡುಗಳಲ್ಲೂ ಮನುಷ್ಯರಿಗೆ, ದನಕರುಗಳಿಗೆ ಚಿಕಿತ್ಸೆಯ ವ್ಯವಸ್ಥೆ ಮಾಡಿಸಿದ್ದಾಗಿ, ಔಷಧಿ ಗಿಡಗಳಿಲ್ಲದ ಕಡೆ ತರಿಸಿ ನೆಡಿಸಿದ್ದಾಗಿ ಶಾಸನ ಹೇಳುತ್ತದೆ. ಮಗ ಮಹಿಂದ ಸಿಂಹಳಕ್ಕೆ ಹೋದದ್ದು ಭಿಕ್ಷುವಾಗಿ. ಮಗಳು ಸಂಘಮಿತ್ತಾ ಬೋಧಿವೃಕ್ಷದ ಕೊಂಬೆ ಒಯ್ದಳೆಂದು ಸಿಂಹಳದ ಗ್ರಂಥಗಳು ಹೇಳುತ್ತವೆ. ಅನುರಾಧಪುರದಲ್ಲಿ ಆ ಮರಕ್ಕೆ ಇಂದಿಗೂ ಪೂಜೆ ನಡೆಯುತ್ತದೆ.

ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಅಧಿಕಾರಿಗಳಿಗೆ ಅವನು ಹೊರಡಿಸಿದ ಒಂದು ಆಜ್ಞೆ. ಗಡಿಯಾಚೆಯವರಿಗೆ ರಾಜನ ಮನಸ್ಸಿನಲ್ಲಿ ಏನಿದೆಯೋ ಎಂಬ ಅಳುಕು ಇರುತ್ತದೆ, ಅದನ್ನು ಹೋಗಲಾಡಿಸುವುದು ನಿಮ್ಮ ಕೆಲಸ ಎಂಬುದು ಅದರ ಸಾರ. ತಾನು ಅವರಿಗೆ ತಂದೆಯಂತೆ ಎಂದೂ, ಕ್ಷಮಿಸಬಹುದಾದಷ್ಟನ್ನು ಕ್ಷಮಿಸುವೆನೆಂದೂ ಸೇರಿಸುತ್ತಾನೆ. ಇಲ್ಲಿ ನನಗೆ ಸ್ವಲ್ಪ ಇರಿಸುಮುರಿಸು. ನೆರೆಯವರಿಗೆ ಬೇಕಾದದ್ದು ತಂದೆಯೋ, ಸಮಾನತೆಯೋ? ಆದರೂ, ಸಣ್ಣವರ ಭಯಕ್ಕೆ ದೊಡ್ಡವನೇ ಹೊಣೆ ಎಂದು ಒಪ್ಪಿಕೊಂಡು ಕಲ್ಲಿನಲ್ಲಿ ಬರೆಸಿದ ದೊರೆಗಳು ಆಗಲೂ ವಿರಳ, ಈಗಲೂ ವಿರಳ.

ಧೌಲಿ, ಜೌಗಡಗಳಲ್ಲದೆ ಈ ಆಜ್ಞೆ ಸಿಕ್ಕಿರುವುದು ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಭೀಮಾ ದಂಡೆಯ ಮೇಲೆ. ಆ ಶಾಸನದ ಕಲ್ಲನ್ನು ಕಾಳಿ ಗುಡಿಯಲ್ಲಿ ವಿಗ್ರಹದ ಪೀಠವಾಗಿ ಬಳಸಲಾಗಿತ್ತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಹೆಸರು ಕೊರೆದ ಅಶೋಕನ ಶಿಲ್ಪವಿದೆ. ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಿಬನ್ನಿ.

ಜೈಭೀಮ್.