ಹಾರ್ಮೋನ್ ಅಳೆದ ಡಾಕ್ಟರು: ಸಾಲೊಮನ್ ಬರ್ಸನ್

ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ವಿಜ್ಞಾನಿಯ ಬಗ್ಗೆ ಬರೆದುಕೊಡು ಎಂದು ಗುರುಗಳು ಹೇಳಿದಾಗ ನನಗೆ ನೆನಪಾದವರು ಡಾ. ಸಾಲೊಮನ್ ಬರ್ಸನ್.

ಅವರು ಹುಟ್ಟಿದ್ದು 1918ರಲ್ಲಿ, ನ್ಯೂಯಾರ್ಕ್‌ನಲ್ಲಿ. ಚೆಸ್, ಪಿಟೀಲು ಎರಡರಲ್ಲೂ ಪಳಗಿದ ಕೈ. ಆದರೆ 21 ವೈದ್ಯಕೀಯ ಕಾಲೇಜುಗಳು ಅವರಿಗೆ ಸೀಟು ಕೊಡಲಿಲ್ಲ. ಸಿಇಟಿ ರ‍್ಯಾಂಕ್ ನೋಡಿ ಕಂಗೆಡುವ ನಮ್ಮ ಶಾಲೆಯ ತಮ್ಮ ತಂಗಿಯರು ಈ ಸಂಖ್ಯೆಯನ್ನು ಇನ್ನೊಮ್ಮೆ ಓದಲಿ! 1945ರಲ್ಲಿ ಎಂ.ಡಿ. ಮುಗಿಸಿ, 1950ರಲ್ಲಿ ಬ್ರಾಂಕ್ಸ್‌ನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಭೌತವಿಜ್ಞಾನಿ ರೊಸಾಲಿನ್ ಯಾಲೊ ಅವರ ಜೊತೆಗೂಡಿದರು.

ಸಕ್ಕರೆ ಕಾಯಿಲೆಯವರಿಗೆ ಆಗ ದನ, ಹಂದಿಗಳಿಂದ ತೆಗೆದ ಇನ್ಸುಲಿನ್ ಚುಚ್ಚುತ್ತಿದ್ದರು. ವಿಕಿರಣಶೀಲ ಅಯೋಡಿನ್‌ನಿಂದ ಗುರುತು ಮಾಡಿದ ಇನ್ಸುಲಿನ್ ಕೊಟ್ಟು ನೋಡಿದರೆ, ಮೊದಲಿನಿಂದ ಚುಚ್ಚಿಸಿಕೊಳ್ಳುತ್ತಿದ್ದವರ ರಕ್ತದಲ್ಲಿ ಅದು ಹೆಚ್ಚು ಹೊತ್ತು ಉಳಿಯುತ್ತಿತ್ತು. ಪ್ರತಿಕಾಯಗಳು ಅದನ್ನು ಹಿಡಿದಿಟ್ಟುಕೊಂಡಿವೆ ಎಂದು ಇಬ್ಬರೂ ಬರೆದರು. ಅಷ್ಟು ಸಣ್ಣ ಪ್ರೋಟೀನಿಗೆ ಪ್ರತಿಕಾಯ ಹುಟ್ಟುವುದೇ ಇಲ್ಲವೆಂದು ಆಗಿನ ನಂಬಿಕೆ. ಲೇಖನ ವಾಪಸು ಬಂತು. ಶೀರ್ಷಿಕೆಯಿಂದ ಪ್ರತಿಕಾಯವೆಂಬ ಪದ ತೆಗೆದ ಮೇಲೆಯೇ 1956ರಲ್ಲಿ ಅಚ್ಚಾದದ್ದು.

ಇದರಿಂದಲೇ ರೇಡಿಯೊ ಇಮ್ಯುನೊಅಸ್ಸೇ ಎಂಬ ಪರೀಕ್ಷೆ ಹುಟ್ಟಿತು. ನಮ್ಮೂರಿಂದ ಮುಳಬಾಗಿಲಿಗೆ ಹೋಗುವ ಬಸ್ಸನ್ನೇ ನೆನೆಯಿರಿ. ಸೀಟುಗಳೇ ಪ್ರತಿಕಾಯ. ಯೂನಿಫಾರಂ ಹಾಕಿದ ಮಕ್ಕಳು ಗುರುತು ಮಾಡಿದ ಹಾರ್ಮೋನ್. ಅವರೆಷ್ಟು ಮಂದಿ ಎಂದು ನಮಗೆ ಗೊತ್ತು. ಉಳಿದ ಪ್ರಯಾಣಿಕರು ರೋಗಿಯ ರಕ್ತದ ಹಾರ್ಮೋನ್. ಎಲ್ಲರೂ ಸೀಟಿಗೆ ಮುಗಿಬಿದ್ದಾಗ ಎಷ್ಟು ಯೂನಿಫಾರಂಗಳಿಗೆ ಸೀಟು ಸಿಕ್ಕಿತು ಎಂದು ಎಣಿಸಿದರೆ ಸಾಕು, ಉಳಿದವರ ಲೆಕ್ಕ ಸಿಗುತ್ತದೆ. ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲಿಗಿಂತ ಕಡಿಮೆ ಇದ್ದರೂ ಅಳೆಯಬಹುದು. 1960ರಲ್ಲಿ ಇದನ್ನು ವಿವರವಾಗಿ ಪ್ರಕಟಿಸಿದ ಇಬ್ಬರೂ ಪೇಟೆಂಟ್ ಮಾಡಿಸಲಿಲ್ಲ. ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿಯುವ ನನಗೆ ಇದು ಅವರ ಸಂಶೋಧನೆಯಷ್ಟೇ ದೊಡ್ಡದಾಗಿ ಕಾಣುತ್ತದೆ.

ಪ್ರತಿಕಾಯ ಪಡೆಯಲು ಶುದ್ಧ ಹಾರ್ಮೋನ್ ಬೇಕು. ಅದು ಸಿಗುವುದು ಕಷ್ಟ. ಅಮೈನೊ ಆಮ್ಲಗಳನ್ನು ಹೂವಿನಂತೆ ಒಂದೊಂದಾಗಿ ಪೋಣಿಸಿ ಪೆಪ್ಟೈಡ್ ಕಟ್ಟುವ ಸುಲಭ ವಿಧಾನವನ್ನು 1963ರಲ್ಲಿ ಮೆರಿಫೀಲ್ಡ್ ತೋರಿಸಿದರು. ಹಾರ್ಮೋನಿನ ಒಂದು ತುಣುಕನ್ನು ಹೀಗೆ ಕಟ್ಟಿ, ದೊಡ್ಡ ಪ್ರೋಟೀನಿಗೆ ಅಂಟಿಸಿ, ಮೊಲಕ್ಕೆ ಚುಚ್ಚಿ ಪ್ರತಿಕಾಯ ಪಡೆಯುವ ದಾರಿಯೂ ತೆರೆಯಿತು. ಈಗ ಬಹುಪಾಲು ಲ್ಯಾಬುಗಳಲ್ಲಿ ವಿಕಿರಣವಿಲ್ಲ, ಬೆಳಕು ಸೂಸುವ ರಾಸಾಯನಿಕವಿದೆ. ಕೋಲಾರದಲ್ಲಿ ನಮ್ಮಮ್ಮನ ಥೈರಾಯ್ಡ್ ರಿಪೋರ್ಟ್ ಕೈಗೆ ಬಂದಾಗಲೆಲ್ಲ ನನಗೆ ಬರ್ಸನ್ ನೆನಪಾಗುತ್ತಾರೆ.

1972ರ ಏಪ್ರಿಲ್ 11ರಂದು ಹೃದಯಾಘಾತದಿಂದ ಅವರು ತೀರಿಕೊಂಡರು. ವಯಸ್ಸು 53. ಈ ಕೆಲಸಕ್ಕೆ ನೊಬೆಲ್ ಬಂದದ್ದು 1977ರಲ್ಲಿ, ಯಾಲೊ ಅವರಿಗೆ. ತೀರಿಹೋದವರಿಗೆ ಅದನ್ನು ಕೊಡುವುದಿಲ್ಲ. ಯಾಲೊ ಅಷ್ಟರಲ್ಲಾಗಲೇ ತಮ್ಮ ಪ್ರಯೋಗಾಲಯಕ್ಕೆ ಬರ್ಸನ್ ಹೆಸರಿಟ್ಟಿದ್ದರು, ಅಲ್ಲಿಂದ ಹೊರಡುವ ಪ್ರತಿ ಲೇಖನದಲ್ಲೂ ಆ ಹೆಸರು ಇರಲೆಂದು.