ಕೃಷ್ಣದೇವರಾಯ ಮತ್ತು ಅವನ ಕುದುರೆಗಳು



ಈ ಸಲ ನಮ್ಮ ಗೋಡೆ ಪತ್ರಿಕೆಗೆ ನಾನು ವಿಜಯನಗರದ ಶ್ರೀಕೃಷ್ಣದೇವರಾಯನ ಜೀವನವನ್ನು ಬರೆಯುತ್ತಿದ್ದೇನೆ. ತೆನಾಲಿ ರಾಮಕೃಷ್ಣನ ಕಥೆ ಎಲ್ಲರಿಗೂ ಗೊತ್ತು, ಅದಕ್ಕೇ ಅದನ್ನು ಬಿಟ್ಟಿದ್ದೇನೆ. ನಾನು ಹೇಳೋದು ಅವನ ಕುದುರೆಗಳ ವಿಷಯ.

ಕೃಷ್ಣದೇವರಾಯನು ತುಳುವ ವಂಶದವನು. ತಂದೆ ನರಸ ನಾಯಕ. ಅಣ್ಣ ವೀರನರಸಿಂಹ ತೀರಿಕೊಂಡ ಮೇಲೆ 1509ರಲ್ಲಿ ಪಟ್ಟಕ್ಕೆ ಬಂದನು. ತಿಮ್ಮರಸು ಅವನ ಮಂತ್ರಿ. ಡೊಮಿಂಗೊ ಪಾಯೆಸ್ ಎಂಬ ಪೋರ್ಚುಗೀಸ್ ಪ್ರವಾಸಿ ರಾಜನನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ರಾಜನದು ಸಾಧಾರಣ ಎತ್ತರ, ಬಿಳಿ ಮೈಬಣ್ಣ, ಸ್ವಲ್ಪ ದಪ್ಪ, ಮುಖದ ಮೇಲೆ ಸಿಡುಬಿನ ಕಲೆ ಇತ್ತಂತೆ. ಸಿನಿಮಾದಲ್ಲಿ ರಾಜ್‌ಕುಮಾರ್ ಅವರನ್ನು ನೋಡಿದವರಿಗೆ ಇದು ನಂಬೋಕೇ ಆಗಲ್ಲ.

ಆಗ ಯುದ್ಧಕ್ಕೆ ಬೇಕಾದಂಥ ದೊಡ್ಡ ಕುದುರೆಗಳು ನಮ್ಮ ಕಡೆ ಸಿಗುತ್ತಿರಲಿಲ್ಲ. ಅರಬ್ ದೇಶದಿಂದ, ಪರ್ಷಿಯಾದಿಂದ ಹಡಗಿನಲ್ಲಿ ಗೋವಾ, ಭಟ್ಕಳ ಬಂದರುಗಳಿಗೆ ತರಬೇಕಿತ್ತು. ದಾರಿಯಲ್ಲೇ ಎಷ್ಟೋ ಕುದುರೆಗಳು ಸಾಯುತ್ತಿದ್ದವು. ಕೃಷ್ಣದೇವರಾಯನಿಗಿಂತ ಮೊದಲು ಆಳಿದ ಸಾಳುವ ನರಸಿಂಹ ಎಂಬ ರಾಜನು ಸಾವಿರ ವರಹಕ್ಕೆ ಮೂರು ಕುದುರೆ ಕೊಳ್ಳುತ್ತಿದ್ದನಂತೆ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಪೂರ್ತಿ ದುಡ್ಡು! ಇದನ್ನು ಬರೆದವನು ನೂನಿಜ್ ಎಂಬ ಇನ್ನೊಬ್ಬ ಪೋರ್ಚುಗೀಸನು. ಅವನೇ ಕುದುರೆ ವ್ಯಾಪಾರಿ, ಆದ್ದರಿಂದ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಕೃಷ್ಣದೇವರಾಯನು ತೆಲುಗಿನಲ್ಲಿ ಬರೆದ ಆಮುಕ್ತಮಾಲ್ಯದದಲ್ಲೂ ಕುದುರೆ ವ್ಯಾಪಾರಿಗಳನ್ನು ಗೌರವದಿಂದ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಕುದುರೆಗಳು ಶತ್ರುಗಳ ಪಾಲಾಗುತ್ತವೆ ಎಂಬ ಬುದ್ಧಿಮಾತು ಇದೆ.

ಈಗ ಯೋಚನೆ ಮಾಡಿ. ಎಷ್ಟೋ ದಿನ ಹಡಗಿನಲ್ಲಿ ಅಲ್ಲಾಡಿ, ಆಮೇಲೆ ಘಟ್ಟ ಹತ್ತಿ ಬಂದ ಕುದುರೆ. ಊರು ಹೊಸದು, ಮೇವು ಹೊಸದು, ಜನರ ಮಾತೂ ಹೊಸದು. ಅದು ಹೆದರದೆ ಇರುತ್ತದೆಯೇ? ನಮ್ಮ ತಾತ ಹಿಂದೆ ಬೆಂಗಳೂರಿನ ಜಯನಗರದಲ್ಲಿ ಜಟಕಾ ಗಾಡಿ ಹೊಡೆಯುತ್ತಿದ್ದರು. ಅವರನ್ನು ಕೇಳಿದೆ. ಹೊಸ ಕುದುರೆ ಹತ್ತಿರ ಹಿಂದಿನಿಂದ ಹೋಗಲೇಬಾರದಂತೆ. ಅದಕ್ಕೆ ಎರಡೂ ಪಕ್ಕ ಚೆನ್ನಾಗಿ ಕಾಣುತ್ತೆ, ಆದರೆ ಬೆನ್ನ ಹಿಂದೆ ನೇರಕ್ಕೆ ಇರೋದು ಕಾಣಲ್ಲ, ಹೆದರಿ ಒದೆಯುತ್ತೆ. ಭುಜದ ಕಡೆಯಿಂದ ಮೆಲ್ಲಗೆ ಮಾತಾಡಿಸ್ತಾ ಹೋಗಬೇಕು, ಮೊದಲು ಕೈ ಮೂಸೋಕೆ ಬಿಡಬೇಕು. ಕಿವಿ ಹಿಂದಕ್ಕೆ ಮಲಗಿಸಿದರೆ ಅದಕ್ಕೆ ಕೋಪ ಬಂದಿದೆ ಅಂತ, ಸುಮ್ಮನೆ ನಿಲ್ಲಬೇಕು. ಹುರುಳಿ ಇಡೋನು, ಮೈ ಉಜ್ಜೋನು, ಗಾಡಿ ಹೂಡೋನು ಒಬ್ಬನೇ ಆದರೆ ಬೇಗ ಹೊಂದಿಕೊಳ್ಳುತ್ತೆ. ಚಾಟಿಯಿಂದ ಹೊಡೆದರೆ ಕುದುರೆ ಓಡುತ್ತೆ, ಆದರೆ ಹೊಡೆದವನನ್ನು ನಂಬಲ್ಲ, ಸೇತುವೆ ಹತ್ತಿರವೋ ಲಾರಿ ಬಂದಾಗಲೋ ಕೈಕೊಡುತ್ತೆ ಅಂತ ತಾತ ಹೇಳಿದರು.

ವಿಜಯನಗರದಲ್ಲೂ ಇದು ತಿಳಿದಿತ್ತು ಅಂತ ಕಾಣುತ್ತೆ. ಅರಮನೆಯ ಲಾಯಗಳಲ್ಲಿ ಕುದುರೆ ನೋಡಿಕೊಳ್ಳೋಕೆ 1600 ಆಳುಗಳು, ಪಳಗಿಸೋಕೆ ಅಂತಲೇ 300 ಜನ ಇದ್ದರು ಎಂದು ನೂನಿಜ್ ಬರೆದಿದ್ದಾನೆ. ಅವನು ಬಂದದ್ದು ಕೃಷ್ಣದೇವರಾಯ ತೀರಿಕೊಂಡ ಕೆಲವು ವರ್ಷಗಳ ಮೇಲೆ.

ಇಷ್ಟು ಜನ ಇದ್ದರೂ ಕೃಷ್ಣದೇವರಾಯನು ದಿನಾ ತಾನೇ ಕುದುರೆ ಹತ್ತುತ್ತಿದ್ದನು. ಬೆಳಕು ಹರಿಯುವ ಮುಂಚೆ ಎದ್ದು ಎಳ್ಳೆಣ್ಣೆ ಕುಡಿಯುತ್ತಿದ್ದನು (ನನಗಂತೂ ಓದುವಾಗಲೇ ಹೊಟ್ಟೆ ತೊಳೆಸಿತು), ಮೈಗೂ ಹಚ್ಚಿಕೊಳ್ಳುತ್ತಿದ್ದನು. ಮಣ್ಣಿನ ದೊಡ್ಡ ಭಾರಗಳನ್ನು ಎತ್ತಿ, ಕತ್ತಿ ತಿರುಗಿಸಿ, ಕುಡಿದ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಸಾಮು ಮಾಡಿ, ಪೈಲ್ವಾನನ ಜೊತೆ ಕುಸ್ತಿ ಹಿಡಿಯುತ್ತಿದ್ದನು. ಆಮೇಲೆ ಕುದುರೆ ಏರಿ ಬೆಳಗಾಗುವ ತನಕ ಬಯಲಿನಲ್ಲಿ ಆ ಕಡೆ ಈ ಕಡೆ ಓಡಿಸುತ್ತಿದ್ದನು. ಅರೆಗತ್ತಲಲ್ಲಿ ಓಡಬೇಕಾದರೆ ಕುದುರೆ ಸವಾರನನ್ನು ನಂಬಬೇಕು, ಸವಾರನೂ ಕುದುರೆಯನ್ನು ನಂಬಬೇಕು. ಈ ಕೆಲಸವನ್ನು 300 ಜನರಲ್ಲಿ ಯಾರಿಗೂ ವಹಿಸೋಕೆ ಆಗಲ್ಲ ಅಂತ ನನಗೆ ಅನ್ನಿಸುತ್ತೆ.

1520ರಲ್ಲಿ ರಾಯಚೂರಿನ ಯುದ್ಧ ಆಯಿತು. ಅದಕ್ಕೂ ಕುದುರೆಯೇ ಕಾರಣ. ಗೋವಾದಲ್ಲಿ ಕುದುರೆ ತರಲು ರಾಜನು ಒಬ್ಬ ವ್ಯಾಪಾರಿಗೆ 40,000 ವರಹ ಕೊಟ್ಟಿದ್ದನು. ಅವನು ದುಡ್ಡಿನ ಸಮೇತ ಬಿಜಾಪುರದ ಸುಲ್ತಾನನ ಕಡೆ ಓಡಿಹೋದನು. ಕೇಳಿದರೂ ಸುಲ್ತಾನನು ಅವನನ್ನು ಒಪ್ಪಿಸಲಿಲ್ಲ. ಯುದ್ಧದಲ್ಲಿ ಸುಲ್ತಾನನ ತೋಪುಗಳು ಒಟ್ಟಿಗೆ ಹಾರಿದಾಗ ನಮ್ಮ ಮುಂದಿನ ಸೈನಿಕರು ಹಿಂದಕ್ಕೆ ಓಡತೊಡಗಿದರು. ರಾಜನು ತನ್ನ ಉಂಗುರ ತೆಗೆದು, ತಾನು ಸತ್ತರೆ ರಾಣಿಯರಿಗೆ ತೋರಿಸಲೆಂದು ಸೇವಕನ ಕೈಗೆ ಕೊಟ್ಟು, ಕುದುರೆ ಏರಿ ಉಳಿದ ಸೈನ್ಯದೊಂದಿಗೆ ಮುಂದೆ ನುಗ್ಗಿದನು. ಪಟಾಕಿ ಸದ್ದಿಗೇ ಕುದುರೆ ಬೆಚ್ಚುತ್ತೆ, ಅಂಥದ್ದರಲ್ಲಿ ತೋಪಿನ ಎದುರಿಗೆ! ಅದು ಹಿಂದೆ ತಿರುಗಿದ್ದರೆ ರಾಜನೂ ತಿರುಗಬೇಕಿತ್ತು. ವಿಜಯನಗರ ಗೆದ್ದಿತು, ಸುಲ್ತಾನನು ಆನೆ ಹತ್ತಿ ತಪ್ಪಿಸಿಕೊಂಡನು.

ಮಹಾನವಮಿ ಹಬ್ಬದಲ್ಲಿ ಕುದುರೆಗಳಿಗೂ ಮರ್ಯಾದೆ ಇತ್ತು. ಅಲಂಕಾರ ಮಾಡಿ ರಾಜನ ಮುಂದೆ ತರುತ್ತಿದ್ದರು. ಎಲ್ಲಕ್ಕಿಂತ ಮುಂದೆ ಇದ್ದ ಕುದುರೆಗೆ ಎರಡು ಛತ್ರಿ. ಪಟ್ಟಕ್ಕೆ ಬರುವ ರಾಜರು ಪ್ರಮಾಣ ಮಾಡುತ್ತಿದ್ದದ್ದು ಅದರ ಮೇಲೆಯೇ. ಅದು ಸತ್ತರೆ ಅದರ ಜಾಗಕ್ಕೆ ಇನ್ನೊಂದನ್ನು ತರುತ್ತಿದ್ದರು.

ಕೃಷ್ಣದೇವರಾಯನು 1529ರಲ್ಲಿ ತೀರಿಕೊಂಡನು. ಹಂಪಿಗೆ ಹೋದವರು ಮಹಾನವಮಿ ದಿಬ್ಬದ ಕಲ್ಲುಗಳನ್ನು ತಪ್ಪದೆ ನೋಡಿ. ಕುದುರೆ ಹಿಡಿದುಕೊಂಡು ನಡೆಯುವ ಆಳುಗಳನ್ನೂ ಅಲ್ಲಿ ಕೆತ್ತಿದ್ದಾರೆ.