ಕುಡಿತವೆಂದು ಬಗೆದ ತೂರಾಟ: ವುಡಿ ಗಥ್ರಿಯವರ ಬಾಳು

ಅಮೆರಿಕದ ಜನಪದ ಗಾಯಕ ವುಡಿ ಗಥ್ರಿಯವರ ಹೆಸರನ್ನು ನಮ್ಮ ಓದುಗರಲ್ಲಿ ಹಲವರು ಬಾಬ್ ಡಿಲನ್ ಅವರ ಗುರುಸ್ಥಾನದವರೆಂದು ಕೇಳಿರಬಹುದು. ಅವರನ್ನು ಬಲಿತೆಗೆದುಕೊಂಡ ವಂಶವಾಹಿ ಕಾಯಿಲೆಯ ಕಥೆ ನಮ್ಮಲ್ಲಿ ಅಷ್ಟಾಗಿ ತಿಳಿದಿಲ್ಲ.

ಗಥ್ರಿ ಜನಿಸಿದ್ದು 1912ರ ಜುಲೈ 14ರಂದು, ಓಕ್ಲಹಾಮಾ ರಾಜ್ಯದ ಓಕೀಮಾ ಎಂಬ ಸಣ್ಣ ಊರಿನಲ್ಲಿ. ಅವರ ಬಾಲ್ಯದಲ್ಲಿಯೇ ತಾಯಿ ನೋರಾ ಅವರ ಅಂಗಾಂಗಗಳು ಹಿಡಿತ ತಪ್ಪಿದವು, ಸ್ವಭಾವವೂ ಮಾರ್ಪಟ್ಟಿತು. ಜನರು ಅದನ್ನು ಹುಚ್ಚೆಂದೇ ತಿಳಿದರು. 1927ರಲ್ಲಿ ಮಾನಸಿಕ ಆಸ್ಪತ್ರೆಯನ್ನು ಸೇರಿದ ಆಕೆ ಮತ್ತೆ ಮನೆಗೆ ಮರಳಲಿಲ್ಲ. ಆಕೆಗಿದ್ದುದು ಹಂಟಿಂಗ್ಟನ್ ಕಾಯಿಲೆ. 1872ರಲ್ಲಿಯೇ ಜಾರ್ಜ್ ಹಂಟಿಂಗ್ಟನ್ ಎಂಬ ತರುಣ ವೈದ್ಯರು ಇದನ್ನು ವಿವರಿಸಿದ್ದರು. ತಂದೆತಾಯಿಗಳಲ್ಲಿ ಒಬ್ಬರಿಗೆ ಇದ್ದರೆ ಪ್ರತಿಯೊಂದು ಮಗುವಿಗೂ ಬರುವ ಸಂಭವ ಶೇಕಡ 50.

ಗಥ್ರಿಯವರದು ಅಲೆಮಾರಿ ಬದುಕು. ಹೆಗಲಲ್ಲಿ ಗಿಟಾರು, ಬಾಯಲ್ಲಿ ಸಿಗರೇಟು, ಮದ್ಯವೂ ಉಂಟು. ಆದ್ದರಿಂದಲೇ 1940ರ ದಶಕದ ಕೊನೆಗೆ ಅವರ ನಡಿಗೆ ತೂರಾಡಿ, ಕೋಪ ಮಿತಿಮೀರಿದಾಗ ಎಲ್ಲರೂ ಕುಡಿತದ ಫಲವೆಂದು ಬಗೆದರು. ಒಪ್ಪಿಕೊಳ್ಳಲು ಅದು ಸುಲಭವಾದ ಕಾರಣವೂ ಆಗಿತ್ತು. ಹಲವು ಆಸ್ಪತ್ರೆಗಳ ಅನಂತರ 1952ರಲ್ಲಿ ಬ್ರೂಕ್ಲಿನ್ ಸ್ಟೇಟ್ ಆಸ್ಪತ್ರೆಯ ವೈದ್ಯರು ನಿಜವಾದ ಕಾಯಿಲೆಯನ್ನು ಗುರುತಿಸಿದರು.

1956ರಿಂದ 1961ರವರೆಗೆ ಅವರು ನ್ಯೂಜೆರ್ಸಿಯ ಗ್ರೇಸ್ಟೋನ್ ಆಸ್ಪತ್ರೆಯಲ್ಲಿದ್ದರು. ಗ್ಲೀಸನ್ ದಂಪತಿಗಳು ಭಾನುವಾರಗಳಲ್ಲಿ ಅವರನ್ನು ತಮ್ಮ ಮನೆಗೆ ಕರೆತರುತ್ತಿದ್ದರು. ಗೆಳೆಯರು ಕೂಡಿ ಹಾಡುತ್ತಿದ್ದರು. 1961ರಲ್ಲಿ ಹತ್ತೊಂಬತ್ತರ ಹರೆಯದ ಡಿಲನ್ ಅವರನ್ನು ಕಂಡರು. ದೇಹವು ಸದಾ ಅಲುಗುತ್ತಿರುವುದರಿಂದ ಈ ರೋಗಿಗಳ ಶಕ್ತಿ ವ್ಯಯವಾಗಿ ತೂಕ ಇಳಿಯುತ್ತದೆ, ನುಂಗುವುದೂ ಕಷ್ಟ. ಹೆಚ್ಚು ಪುಷ್ಟಿಯುಳ್ಳ ಮೆತ್ತನೆಯ ಆಹಾರ, ಅವಸರವಿಲ್ಲದ ಊಟ, ಆದಷ್ಟು ನಡಿಗೆ ಇವು ಇಂದಿಗೂ ಆರೈಕೆಯ ಮುಖ್ಯ ಅಂಗಗಳು. ವಿಚ್ಛೇದಿತರಾಗಿದ್ದರೂ ಪತ್ನಿ ಮಾರ್ಜರಿ ಅವರ ಕೈಬಿಡಲಿಲ್ಲ. ಮಾತು ನಿಂತ ಮೇಲೆ ಹೌದು, ಅಲ್ಲ ಎಂದು ಬರೆದ ಚೀಟಿಗಳನ್ನು ಹಿಡಿದು ಸಂಭಾಷಿಸಿದರು. ಅದೂ ಆಗದಾದಾಗ ಕಣ್ಣೆವೆಯ ಸನ್ನೆಯೇ ಉತ್ತರವಾಯಿತು. 1967ರ ಅಕ್ಟೋಬರ್ 3ರಂದು, 55ನೆಯ ವಯಸ್ಸಿನಲ್ಲಿ ಗಥ್ರಿ ನಿಧನರಾದರು. ಮೊದಲ ವಿವಾಹದ ಇಬ್ಬರು ಹೆಣ್ಣುಮಕ್ಕಳೂ ಇದೇ ಕಾಯಿಲೆಗೆ ತುತ್ತಾದರು.

ಅದೇ ವರ್ಷ ಮಾರ್ಜರಿ ರೋಗಿಗಳ ಕುಟುಂಬಗಳನ್ನು ಒಟ್ಟುಗೂಡಿಸಿ ಸಮಿತಿಯೊಂದನ್ನು ಕಟ್ಟಿದರು. ಮನೆಯ ಕಾಯಿಲೆಯನ್ನು ಬೀದಿಗೆ ತರಬಾರದೆಂದು ಸಂಬಂಧ ಕುದುರಿಸುವಾಗ ಮುಚ್ಚಿಡುವ ನಮಗೆ ಈ ಧೈರ್ಯದ ಬೆಲೆ ಅರಿವಾಗದಿರದು. ಕಾಯಿಲೆಗೆ ಕಾರಣವಾದ ಜೀನ್ 1993ರಲ್ಲಿ ಪತ್ತೆಯಾಯಿತು. ಗುಣಪಡಿಸುವ ಔಷಧ ಇನ್ನೂ ಇಲ್ಲ. ಅಂಗಚಲನೆಯನ್ನು ತಗ್ಗಿಸುವ ಮಾತ್ರೆಗಳಿವೆ. ರಕ್ತದ ಪರೀಕ್ಷೆಯಿಂದ ಕಾಯಿಲೆಯನ್ನು ಖಚಿತಪಡಿಸಿಕೊಳ್ಳಲು ನಮ್ಮವರು ಈಗ ವಿದೇಶಕ್ಕೆ ಹೋಗಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೇ ಆ ಸೌಲಭ್ಯವುಂಟು. ಪರೀಕ್ಷೆಗೆ ಮುನ್ನ ಆಪ್ತಸಲಹೆ ಪಡೆಯಬೇಕು. ಲಕ್ಷಣಗಳಿಲ್ಲದ ಚಿಕ್ಕ ಮಕ್ಕಳಿಗೆ ಇದನ್ನು ಮಾಡುವುದಿಲ್ಲ. ತಿಳಿಯಬೇಕೋ ಬೇಡವೋ ಎಂಬುದನ್ನು ಅವರು ಪ್ರಾಪ್ತವಯಸ್ಕರಾದ ಮೇಲೆ ತಾವೇ ನಿರ್ಧರಿಸಲೆಂದು ಬಿಡಲಾಗುತ್ತದೆ.